ಡಬ್ಬಿ ಕಟ್ಟುವ ಹೊತ್ತಿಗೆ ಅಪ್ಪ ಎಲ್ಲಿ?

ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಬೆಳಿಗ್ಗೆ 9ಕ್ಕೆ ಮುಂಚೆ ಪಾಠ ಶುರುಮಾಡಬೇಡಿ ಎಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಆದೇಶಿಸಿತು. ಮಕ್ಕಳ ನಿದ್ದೆಗಾಗಿ ಬಂದ ಈ ಆದೇಶವನ್ನು ಪುಣೆಯ ಕನ್ನಡಿಗ ಅಪ್ಪಂದಿರೂ ಬೆಳಗಿನ ತಯಾರಿಯಲ್ಲಿ ಕೈಜೋಡಿಸಲು ತಮಗೆ ಸಿಕ್ಕ ಅವಕಾಶವೆಂದೇ ತಿಳಿಯಬೇಕು. ಅದೇ ವರ್ಷದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನೋಡಿ: 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಶೇ. 21.4 ಮಾತ್ರ. ತೊಡಗಿದವರಲ್ಲೂ ಹೆಂಗಸರದು ದಿನಕ್ಕೆ 140 ನಿಮಿಷ, ಗಂಡಸರದು 74.

ಪುಣೆಯ ಹಿಂಜವಡಿಯ ಟ್ರಾಫಿಕ್‌ನಲ್ಲೇ ದಿನ ಕಳೆಯುತ್ತದಲ್ಲ ಎನ್ನಬಹುದು. ನಿಜ. ಆದರೆ ಉದ್ಯೋಗಸ್ಥ ಅಮ್ಮಂದಿರೂ ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಅಮ್ಮನಿಗೇ ಚೆನ್ನಾಗಿ ಗೊತ್ತು ಎಂಬುದೂ ಒಪ್ಪುವ ಮಾತಲ್ಲ. ಜಡೆ ಹೆಣೆಯುವುದು, ಡಬ್ಬಿ ಕಟ್ಟುವುದು, ಡೈರಿಗೆ ಸಹಿ ಹಾಕುವುದು ಎಲ್ಲ ಮಾಡಿಯೇ ಕಲಿತದ್ದು. ಅಪ್ಪ ಕೈಜೋಡಿಸಿದರೆ ಇನ್ನೊಂದು ಲಾಭವೂ ಇದೆ. ಮಹಾರಾಷ್ಟ್ರದ 2020ರ ಕಾಯ್ದೆಯಿಂದ ಶಾಲೆಯಲ್ಲಿ ಮರಾಠಿ ಕಡ್ಡಾಯ. ಮಗು ಅದನ್ನು ಕಲಿಯಲಿ, ಒಳ್ಳೆಯದೇ. ಕನ್ನಡ ಮಾತ್ರ ಮನೆಯಲ್ಲೇ ಸಿಗಬೇಕು. ಶೂ ಲೇಸ್ ಕಟ್ಟುತ್ತ, ವ್ಯಾನ್ ಕಾಕಾ ಬರುವವರೆಗೆ ಗೇಟಿನ ಬಳಿ ನಿಂತು, ನಿನ್ನೆ ಶಾಲೆಯಲ್ಲಿ ಏನಾಯ್ತು ಎಂದು ಕನ್ನಡದಲ್ಲಿ ಕೇಳಿ. ಮೊಬೈಲ್ ಜೇಬಿನಲ್ಲೇ ಇರಲಿ.