ಮಾದರಿಯಿಂದ ಎಣಿಕೆ: ಕೋಷ್ಟಕಗಳ ಅಂದಾಜು ಲೆಕ್ಕವನ್ನು ಕುರಿತು

ಸಂಬಂಧಾತ್ಮಕ ದತ್ತಸಂಚಯಕ್ಕೆ ಪ್ರಶ್ನೆಯೊಂದನ್ನು ಒಪ್ಪಿಸಿದಾಗ, ಅದು ಉತ್ತರವನ್ನು ಹುಡುಕುವ ಮೊದಲು ಹುಡುಕುವ ದಾರಿಯನ್ನು ನಿಶ್ಚಯಿಸಿಕೊಳ್ಳುತ್ತದೆ. ಕೋಷ್ಟಕವನ್ನು ಆದ್ಯಂತವಾಗಿ ಓದಬೇಕೆ, ಸೂಚಿಯ ನೆರವನ್ನು ಪಡೆಯಬೇಕೆ, ಎರಡು ಕೋಷ್ಟಕಗಳನ್ನು ಯಾವ ಕ್ರಮದಲ್ಲಿ ಕೂಡಿಸಬೇಕು ಎಂಬ ನಿರ್ಧಾರಗಳೆಲ್ಲ, ಎಷ್ಟು ಸಾಲುಗಳು ಕೈಗೆ ಬಂದಾವೆಂಬ ಅಂದಾಜನ್ನೇ ನೆಮ್ಮಿಕೊಂಡಿವೆ. ಅಂದಾಜು ಕೆಟ್ಟರೆ ಉತ್ತರವೇನೋ ತಪ್ಪಾಗದು. ಆದರೆ ಕ್ಷಣದಲ್ಲಿ ಮುಗಿಯಬೇಕಾದ ಕೆಲಸ ಗಂಟೆಗಟ್ಟಲೆ ಹಿಡಿಯಬಹುದು. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವೆವು. ಅದರ ಮೂಲಬರಹ ಎಲ್ಲರಿಗೂ ತೆರೆದಿರುವುದರಿಂದ ಊಹೆಗೆ ಎಡೆಯಿಲ್ಲ.

ಈ ವ್ಯವಸ್ಥೆ ಸಾಮಾನ್ಯವಾಗಿ 30,000 ಸಾಲುಗಳ ಮಾದರಿಯನ್ನು ತೆಗೆಯುತ್ತದೆ. ಕೋಷ್ಟಕದಲ್ಲಿ ಹತ್ತು ಲಕ್ಷ ಸಾಲುಗಳಿರಲಿ, ನೂರು ಕೋಟಿ ಇರಲಿ, ಮಾದರಿಯ ಗಾತ್ರ ಅಷ್ಟೆ. ವಿದ್ಯಾರ್ಥಿಗಳಿಗೆ ಇದು ವಿಚಿತ್ರವೆನಿಸುವುದು ಸಹಜ. ಮೌಲ್ಯಗಳ ಹಂಚಿಕೆಯನ್ನು ಅರಿಯಲು ಬೇಕಾದ ಮಾದರಿಯು ಕೋಷ್ಟಕದ ಗಾತ್ರದೊಡನೆ ಲಾಗರಿದಮ್ಮಿನಷ್ಟು ಮಂದವಾಗಿ ಮಾತ್ರ ಬೆಳೆಯುವುದೆಂದು ಚೌಧುರಿ, ಮೋಟ್ವಾನಿ, ನರಸಯ್ಯ ಇವರು 1998ರಲ್ಲಿ ತೋರಿಸಿದರು. ಒಟ್ಟು ಸಾಲುಗಳ ಎಣಿಕೆ ಇನ್ನೂ ಸುಲಭ: ಓದಿದ ಪುಟಗಳಲ್ಲಿ ಪುಟವೊಂದಕ್ಕೆ ಸರಾಸರಿ ಎಷ್ಟು ಸಾಲುಗಳಿದ್ದವೆಂದು ತಿಳಿದು, ಅದನ್ನು ಪುಟಗಳ ಒಟ್ಟು ಸಂಖ್ಯೆಯಿಂದ ಗುಣಿಸಿದರಾಯಿತು.

ತೊಡಕಿರುವುದು ಬೇರೆಡೆ. ಒಂದು ಸ್ತಂಭದಲ್ಲಿ ಭಿನ್ನ ಮೌಲ್ಯಗಳು ಎಷ್ಟು? ಕಾಣದ ಸಾಲುಗಳಲ್ಲಿ ಇರುವುದು ಹಳೆಯ ಹೆಸರೋ ಹೊಸದೋ ಎಂಬುದನ್ನು ಮಾದರಿ ನೇರವಾಗಿ ಹೇಳಲಾರದು. ಇದಕ್ಕೆ ಹಾಸ್ ಮತ್ತು ಸ್ಟೋಕ್ಸ್ ಅವರ ಸೂತ್ರವನ್ನು ಬಳಸುತ್ತಾರೆ. ಮಾದರಿಯ ಸಾಲುಗಳನ್ನು ಅದರಲ್ಲಿ ಕಂಡ ಭಿನ್ನ ಮೌಲ್ಯಗಳಿಂದ ಗುಣಿಸಬೇಕು. ಒಮ್ಮೆ ಮಾತ್ರ ಕಂಡ ಮೌಲ್ಯಗಳನ್ನು ಮಾದರಿಯಿಂದ ಕಳೆದು, ಅವುಗಳಲ್ಲಿ ಮಾದರಿಯ ಪ್ರಮಾಣದಷ್ಟು ಅಂಶವನ್ನು ಮತ್ತೆ ಕೂಡಿಸಿ, ಬಂದ ಮೊತ್ತದಿಂದ ಭಾಗಿಸಬೇಕು.

ಒಂದು ಕೋಟಿ ಸಾಲುಗಳು, 10 ಲಕ್ಷ ಗ್ರಾಹಕರು, ಒಬ್ಬೊಬ್ಬರಿಗೂ ಹತ್ತು ಸಾಲುಗಳೆಂದು ಭಾವಿಸೋಣ. ಸಾಲುಗಳು ಚೆದುರಿದ್ದರೆ ಮಾದರಿಯಲ್ಲಿ ಸುಮಾರು 29,600 ಗ್ರಾಹಕರು ಕಾಣುವರು. ಅವರಲ್ಲಿ 29,200 ಮಂದಿ ಒಮ್ಮೆ ಮಾತ್ರ. ಸೂತ್ರದ ಫಲ ಸರಿಯಾಗಿ 10 ಲಕ್ಷದ ಆಸುಪಾಸು. ಇಷ್ಟು ಕಡಮೆ ಸಾಮಗ್ರಿಯಿಂದ ಇಷ್ಟು ನಿಖರತೆ ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ಒಬ್ಬ ಗ್ರಾಹಕನ ಹತ್ತು ಸಾಲುಗಳೂ ಒಂದೇ ಪುಟದಲ್ಲಿ ಒತ್ತಾಗಿದ್ದರೆ? ಪೋಸ್ಟ್‌ಗ್ರೆಸ್ ಮೊದಲು 30,000 ಪುಟಗಳನ್ನು ಆರಿಸಿ, ಅನಂತರ ಅವುಗಳೊಳಗಿನಿಂದಲೇ ಸಾಲುಗಳನ್ನು ಆರಿಸುತ್ತದೆ. ಪುಟಕ್ಕೆ ನೂರು ಸಾಲುಗಳಂತೆ ಲಕ್ಷ ಪುಟಗಳಿದ್ದಲ್ಲಿ, ನೋಟಕ್ಕೆ ಬೀಳುವವರು 3 ಲಕ್ಷ ಗ್ರಾಹಕರು ಮಾತ್ರ; ಅವರಲ್ಲಿ ಪುನರಾವೃತ್ತಿ ಹೆಚ್ಚು. ನಾವು ಲೆಕ್ಕಹಾಕಿದಂತೆ ಸೂತ್ರದ ಫಲ ಸುಮಾರು 3 ಲಕ್ಷ 21 ಸಾವಿರಕ್ಕೆ ಇಳಿಯುತ್ತದೆ. ಆಗ ಒಬ್ಬ ಗ್ರಾಹಕನಿಗೆ ಹತ್ತರ ಬದಲು 31 ಸಾಲುಗಳೆಂದು ವ್ಯವಸ್ಥೆ ನಂಬುವುದು. ಇಂತಹ ಮೂರು ಕೂಡಿಕೆಗಳು ಒಂದರ ಮೇಲೊಂದು ಬಂದರೆ ದೋಷ 27 ಪಟ್ಟನ್ನೂ ಮೀರಬಹುದು.

ಸೂತ್ರವನ್ನು ದೂಷಿಸುವುದು ನ್ಯಾಯವಲ್ಲ. ಕೋಷ್ಟಕದ ಬಹುಭಾಗವನ್ನು ಓದದೆ ಭಿನ್ನ ಮೌಲ್ಯಗಳನ್ನು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗಿ ಅಂದಾಜುಮಾಡುವ ಸೂತ್ರವೇ ಇರಲಾರದೆಂದು, ಮೇಲಿನ ಮೂವರು ಚಾರಿಕರ್ ಅವರೊಡನೆ ಸೇರಿ 2000ದಲ್ಲಿ ಸಿದ್ಧಪಡಿಸಿದ್ದಾರೆ.

ನಮ್ಮ ನಿದರ್ಶನದಲ್ಲಿ ಮಾದರಿಯ ಗುರಿಯನ್ನು 100ರಿಂದ 334ಕ್ಕೆ ಏರಿಸಿದರೆ ಲಕ್ಷ ಪುಟಗಳೂ ಓದಿಗೆ ಒಳಪಟ್ಟು ಈ ವಕ್ರತೆ ನೀಗುವುದು. ಆದರೆ ಇಡೀ ಕೋಷ್ಟಕವನ್ನು ಓದಿದಂತೆಯೇ ಆಯಿತು. ಅದಕ್ಕಿಂತ, ದತ್ತವನ್ನು ಬಲ್ಲವರು ಸ್ತಂಭದ ಭಿನ್ನತೆಯನ್ನು ತಾವೇ ನಮೂದಿಸುವುದು ಲೇಸೆಂದು ನಮಗೆ ತೋರುತ್ತದೆ. ಅಲ್ಲಿ -0.1 ಎಂದು ಬರೆದರೆ ಭಿನ್ನ ಮೌಲ್ಯಗಳು ಸಾಲುಗಳ ಹತ್ತನೆಯ ಒಂದು ಪಾಲು ಎಂದರ್ಥ. ಕೋಷ್ಟಕ ಬೆಳೆದಂತೆ ಆ ಲೆಕ್ಕವೂ ಬೆಳೆಯುತ್ತದೆ.