ದಳಪತಿಗೆ ಸಹಚರರ ಗೌರವ ಸಲ್ಲುವುದು ಯಾವಾಗ? : 'ಮಾಸ್ ಎಫೆಕ್ಟ್ 2' ಎಂಬ ವಿಡಿಯೋ ಆಟದ ಲೆಕ್ಕಾಚಾರ

ಗುಡ್‌ವಿಲ್ ಎಂಬುದು ವರ್ತಕರೆಲ್ಲರಿಗೂ ಚಿರಪರಿಚಿತವಾದ ಪದ. ನಡೆಯುತ್ತಿರುವ ವ್ಯಾಪಾರವನ್ನು ಮತ್ತೊಬ್ಬರಿಂದ ಕೊಂಡಾಗ ಅದರ ಹೆಸರಿಗಾಗಿ ತೆತ್ತ ಹೆಚ್ಚುವರಿ ಬೆಲೆಯನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಬಹುದು. ಆದರೆ ಮಾಲೀಕನು ತಾನೇ ವರ್ಷಾನುಗಟ್ಟಲೆ ದುಡಿದು ಗಳಿಸಿದ ಗುಡ್‌ವಿಲ್ ಅನ್ನು ಹಾಗೆ ತೋರಿಸುವಂತಿಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ನಿಯಮವದು. ನಂಬಲರ್ಹವಾದ ರೀತಿಯಲ್ಲಿ ಅದರ ಬೆಲೆ ಕಟ್ಟಲಾಗದು ಎಂಬುದು ಅದಕ್ಕಿರುವ ಕಾರಣ. ಹೀಗಿರುವಾಗ, ಮಾಲೀಕನ ಬಗ್ಗೆ ಅವನ ಜೊತೆಗಾರರಿಗಿರುವ ಗೌರವವನ್ನು ಅಳೆಯುವ ಗೋಜಿಗೆ ಯಾವ ಲೆಕ್ಕಿಗನೂ ಹೋಗುವುದಿಲ್ಲ. ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯು 2010ರ ಜನವರಿಯಲ್ಲಿ ಹೊರತಂದ ಒಂದು ವಿಡಿಯೋ ಆಟವು ಈ ಸಾಹಸಕ್ಕೆ ಕೈಹಾಕಿತು.

ಆಟದ ಹೆಸರು 'ಮಾಸ್ ಎಫೆಕ್ಟ್ 2'. ಮೂರು ಭಾಗಗಳ ಕಥಾಸರಣಿಯಲ್ಲಿ ಇದು ನಡುವಿನದು. ಮೂರೂ ಭಾಗಗಳು 2021ರಲ್ಲಿ ಒಂದೇ ಕಟ್ಟಾಗಿ ಮರುಪ್ರಕಟವಾದವು; ಓದುಗರ ಮನೆಯ ಯುವಕರಲ್ಲಿ ಕೆಲವರಾದರೂ ಇದನ್ನು ಆಡಿರಬಹುದು. ಕಥಾನಾಯಕರು ನಾರ್ಮಂಡಿ ಎಂಬ ವ್ಯೋಮನೌಕೆಯ ಕಮಾಂಡರ್ ಷೆಪರ್ಡ್. ಆಡುವವರ ಇಚ್ಛೆಯಂತೆ ಈ ಪಾತ್ರ ಪುರುಷನೂ ಆಗಬಹುದು, ಸ್ತ್ರೀಯೂ ಆಗಬಹುದು; ಆದ್ದರಿಂದ ಇಲ್ಲಿ ಬಹುವಚನವೇ ಕ್ಷೇಮ. ಮನುಷ್ಯರ ವಸಾಹತುಗಳಿಂದ ಜನರನ್ನು ಅಪಹರಿಸುತ್ತಿರುವ ಕಲೆಕ್ಟರ್ಸ್ ಎಂಬ ಶತ್ರುಗಳ ನೆಲೆಗೆ ದಳ ಕಟ್ಟಿಕೊಂಡು ನುಗ್ಗಬೇಕು. ಜೀವಂತವಾಗಿ ಮರಳುವ ಭರವಸೆ ಯಾರಿಗೂ ಇಲ್ಲ.

ಬಹುತೇಕ ಆಟಗಳಲ್ಲಿ ಸಹಚರರು ನಾಯಕನ ಮಾತು ಕೇಳುವುದು ಅವನು ನಾಯಕನೆಂಬ ಒಂದೇ ಕಾರಣಕ್ಕೆ. ಅಲ್ಲಿ ಗೌರವವು ಪಿತ್ರಾರ್ಜಿತ ಆಸ್ತಿಯಿದ್ದಂತೆ, ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಈ ಆಟದಲ್ಲಿ ಅದನ್ನು ಗಳಿಸಬೇಕು. ಹೇಗೆ ಗಳಿಸಬೇಕು ಮತ್ತು ಯಾವ ಬೆಲೆಗೆ ಎಂಬುದು ವಿಚಾರಾರ್ಹ.

ಆರಂಭಿಕ ಶಿಲ್ಕು

ಮೊದಲ ಭಾಗದ ಪರಾಕ್ರಮದಿಂದ ಷೆಪರ್ಡ್ ಅವರಿಗೆ ದೊಡ್ಡ ಹೆಸರು ಬಂದಿರುತ್ತದೆ. ಎರಡನೆಯ ಭಾಗದ ಪ್ರಾರಂಭದಲ್ಲಿಯೇ ಅವರ ನೌಕೆ ನಾಶವಾಗಿ ಅವರು ಮರಣ ಹೊಂದುತ್ತಾರೆ. ಸರ್ಬರಸ್ ಎಂಬ ಸಂಸ್ಥೆ ಅಪಾರ ಹಣ ಸುರಿದು ಎರಡು ವರ್ಷಗಳ ಅನಂತರ ಅವರನ್ನು ಬದುಕಿಸುತ್ತದೆ, ಹೊಸ ನೌಕೆಯನ್ನೂ ಕೊಡುತ್ತದೆ. ಈ ಸರ್ಬರಸ್ ಹಿಂದಿನ ಭಾಗದಲ್ಲಿ ಅಮಾನುಷ ಪ್ರಯೋಗಗಳಿಗೆ ಹೆಸರಾಗಿದ್ದ ಶತ್ರುಪಕ್ಷ. ಪರಿಣಾಮವಾಗಿ, ಹೊರೈಜನ್ ಎಂಬ ವಸಾಹತಿನಲ್ಲಿ ಎದುರಾಗುವ ಹಳೆಯ ಸಂಗಡಿಗರೊಬ್ಬರು ಷೆಪರ್ಡ್ ಅವರನ್ನು ಕಂಡು ಸಂತೋಷಪಟ್ಟರೂ, ಸರ್ಬರಸ್ ಜೊತೆಗಿರುವವರೊಂದಿಗೆ ತಾವು ಬರುವುದಿಲ್ಲವೆಂದು ಹೇಳಿ ಹೊರಟುಹೋಗುತ್ತಾರೆ. ಬಂಡವಾಳ ಹಾಕಿದವನ ಹೆಸರು ಕೆಟ್ಟಿದ್ದರೆ ಅದರ ಮಸಿ ದುಡಿಯುವ ಪಾಲುದಾರನಿಗೂ ಹತ್ತುತ್ತದೆಂಬುದನ್ನು ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಿಂದಿನ ಕೀರ್ತಿಯು ಆರಂಭಿಕ ಶಿಲ್ಕು ಮಾತ್ರ. ಅದರಿಂದಲೇ ವರ್ಷವಿಡೀ ವ್ಯವಹಾರ ನಡೆಯದು.

ಮೂಲ ಆಟದಲ್ಲಿ ಹತ್ತು ಮಂದಿ, ಪ್ರತ್ಯೇಕವಾಗಿ ಸೇರಿಸಿದ ಇಬ್ಬರನ್ನು ಕೂಡಿಸಿದರೆ 12 ಮಂದಿ ದಳ ಸೇರಬಹುದು. ಪ್ರತಿಯೊಬ್ಬರಿಗೂ ಬಗೆಹರಿಯದ ಒಂದು ಸ್ವಂತ ವಿಷಯವಿರುತ್ತದೆ. ದಳಪತಿಯು ತನ್ನ ಕೆಲಸವನ್ನು ಬದಿಗಿಟ್ಟು ಅದಕ್ಕೆ ಹೆಗಲು ಕೊಟ್ಟರೆ ಆ ಸಹಚರರ ನಿಷ್ಠೆ ದೊರೆಯುತ್ತದೆ. ಸಂಬಳದಿಂದ ಮಾತ್ರ ಅದು ದೊರೆಯುವುದಿಲ್ಲ. ಝಾಯೀದ್ ಎಂಬ ಬಾಡಿಗೆ ಸೈನಿಕನಿಗೆ ಸರ್ಬರಸ್ ಹಣ ಕೊಟ್ಟಿರುತ್ತದೆ. ಆದರೂ ಅವನ ಹಳೆಯ ಸೇಡಿನ ವಿಷಯ ಇತ್ಯರ್ಥವಾಗದೆ ಅವನ ಮನಸ್ಸು ಪೂರ್ಣವಾಗಿ ದಳದಲ್ಲಿರುವುದಿಲ್ಲ.

ತಾಲಿಯ ವಿಚಾರಣೆ

ಇವುಗಳಲ್ಲೆಲ್ಲ ಹೆಚ್ಚು ಚಿಂತನಾರ್ಹವಾದುದು ತಾಲಿ ಎಂಬ ಯುವತಿಯ ಪ್ರಸಂಗ. (ಹೆಸರು ಕೇಳಿ ವರ್ತಕರಿಗೆ ಲೆಕ್ಕದ ತಂತ್ರಾಂಶ ನೆನಪಾದರೆ ಅಚ್ಚರಿಯಿಲ್ಲ, ಸಂಬಂಧವೇನೂ ಇಲ್ಲ.) ಅವಳು ಕ್ವೇರಿಯನ್ ಎಂಬ ಜನಾಂಗದವಳು. ತಾವೇ ನಿರ್ಮಿಸಿದ ಗೆತ್ ಎಂಬ ಯಂತ್ರಗಳು ತಿರುಗಿಬಿದ್ದುದರಿಂದ ಸ್ವಂತ ಗ್ರಹವನ್ನು ಕಳೆದುಕೊಂಡು ನೌಕಾಸಮೂಹದಲ್ಲಿ ಅಲೆಯುತ್ತಿರುವವರು ಅವರು. ಜೀವವಿರುವ ಗೆತ್ ಭಾಗಗಳನ್ನು ತನ್ನವರ ನೌಕೆಗಳಿಗೆ ಕಳುಹಿಸಿದಳೆಂಬ ರಾಜದ್ರೋಹದ ಆರೋಪದ ಮೇಲೆ ತಾಲಿಯ ವಿಚಾರಣೆ ನಡೆಯುತ್ತದೆ. ಅವಳನ್ನು ನಾರ್ಮಂಡಿಯವಳೆಂದು ದಾಖಲಿಸಿರುವುದರಿಂದ, ಅವರ ಪದ್ಧತಿಯಂತೆ ಅವಳ ಪರವಾಗಿ ವಾದಿಸಬೇಕಾದವರು ಆ ನೌಕೆಯ ನಾಯಕರಾದ ಷೆಪರ್ಡ್.

ಗೆತ್‌ಗಳ ವಶವಾಗಿರುವ ನೌಕೆಯೊಂದರಲ್ಲಿ ಇಬ್ಬರೂ ಶೋಧಿಸಿದಾಗ ತಾಲಿಯ ತಂದೆಯ ಶವ ಸಿಗುತ್ತದೆ, ಪುರಾವೆಯೂ ಸಿಗುತ್ತದೆ. ಕಾನೂನು ಮೀರಿ ಗೆತ್‌ಗಳನ್ನು ಜೋಡಿಸಿ ಪ್ರಯೋಗ ನಡೆಸುತ್ತಿದ್ದವನು ಅವಳ ತಂದೆಯೇ. ಆ ಪುರಾವೆಯನ್ನು ಮಂಡಿಸಿದರೆ ತಾಲಿ ನಿರ್ದೋಷಿ. ಆದರೆ ತಂದೆಯ ಹೆಸರು ಶಾಶ್ವತವಾಗಿ ಕಳಂಕಿತವಾಗುವುದನ್ನು ಸಹಿಸಲಾರದೆ, ಅದನ್ನು ತೋರಿಸಬೇಡಿರೆಂದು ಅವಳು ಅಂಗಲಾಚುತ್ತಾಳೆ.

ಷೆಪರ್ಡ್ ಪುರಾವೆ ಮಂಡಿಸಿದರೆ ಮೊಕದ್ದಮೆ ಗೆಲ್ಲುತ್ತದೆ, ತಾಲಿಯ ನಿಷ್ಠೆ ಹೋಗುತ್ತದೆ. ಮಂಡಿಸದೆ, ಬೇರೆ ಮಾತಿನಿಂದಲೂ ಪೀಠವನ್ನು ಒಲಿಸಿಕೊಳ್ಳಲಾಗದಿದ್ದರೆ ಅವಳಿಗೆ ಬಹಿಷ್ಕಾರದ ಶಿಕ್ಷೆಯಾಗುತ್ತದೆ. ಆದರೂ ಅವಳು ದಳಪತಿಯ ಪಕ್ಷದಲ್ಲಿಯೇ ದೃಢವಾಗಿ ನಿಲ್ಲುತ್ತಾಳೆ. ಅವಳಿಗೆ ಬೇಕಾಗಿದ್ದುದು ಲಾಭದಾಯಕವಾದ ತೀರ್ಪಲ್ಲ, ಕೇಳಿಕೊಂಡ ಮಾತನ್ನು ಉಳಿಸಿಕೊಳ್ಳುವ ನಾಯಕ. ಇದು ಆಟವನ್ನು ರಚಿಸಿದವರ ಸೂಕ್ಷ್ಮ ದೃಷ್ಟಿಗೆ ಸಾಕ್ಷಿ.

ಆದರೆ ಲೆಕ್ಕಪರಿಶೋಧಕನ ಕಣ್ಣಿಗೆ ಇಲ್ಲಿ ಒಂದು ಅಡಚಣೆಯಿದೆ. ಅನೇಕರ ಪ್ರಾಣಕ್ಕೆ ಎರವಾದ ಕೃತ್ಯದ ದಾಖಲೆ ಕೈಯಲ್ಲಿದ್ದೂ ಅದನ್ನು ಪೀಠದಿಂದ ಮರೆಮಾಚುವುದು ಸಾಮಾನ್ಯ ಸಂಗತಿಯಲ್ಲ. ಸಂಸ್ಥೆಯಲ್ಲಿ ಹೀಗಾದರೆ ಅದನ್ನು ಗೌರವವೆನ್ನುವುದಿಲ್ಲ, ಪಕ್ಷಪಾತವೆನ್ನುತ್ತಾರೆ. ಆಟದ ಪುಸ್ತಕದಲ್ಲಿ ತಾಲಿಯ ನಿಷ್ಠೆ ಜಮೆಯಾಗುತ್ತದೆ. ಅದಕ್ಕೆದುರಾಗಿ ಬರೆಯಬೇಕಾದ ಖರ್ಚಿಗೆ ಅಂಕಣವೇ ಇಲ್ಲ. ಝಾಯೀದ್ ಪ್ರಸಂಗದಲ್ಲಿ ಈ ಖರ್ಚು ಕಣ್ಣಿಗೆ ಬೀಳುತ್ತದೆ. ಅವನ ಶತ್ರುವನ್ನು ಬೆನ್ನಟ್ಟಬೇಕಾದರೆ ಬೆಂಕಿ ಬಿದ್ದ ಸಂಸ್ಕರಣಾ ಕಾರ್ಖಾನೆಯ ಕಾರ್ಮಿಕರನ್ನು ಅಲ್ಲಿಯೇ ಸಾಯಲು ಬಿಡಬೇಕು. ಅವರನ್ನು ಉಳಿಸಿದರೆ ಶತ್ರು ಪಾರಾಗುತ್ತಾನೆ; ಸನ್ನಡತೆಯ ಅಂಕಗಳು ಸಾಕಷ್ಟಿಲ್ಲದ ಪಕ್ಷದಲ್ಲಿ ಝಾಯೀದನ ನಿಷ್ಠೆಯೂ ಕೈತಪ್ಪುತ್ತದೆ. ಕಾರ್ಮಿಕರನ್ನು ಉಳಿಸಿ ಅವನ ನಿಷ್ಠೆ ಕಳೆದುಕೊಂಡ ಷೆಪರ್ಡ್ ಗೌರವಕ್ಕೆ ಅರ್ಹರೇ ಅಲ್ಲವೇ? ಸಹಚರರ ಗೌರವ ಪಡೆಯುವುದು ಬೇರೆ, ಗೌರವಕ್ಕೆ ಅರ್ಹರಾಗುವುದು ಬೇರೆ. ಇವೆರಡೂ ಒಂದೇ ಪುಟದಲ್ಲಿ ಕೂಡುವುದು ಆಟದಲ್ಲಿಯೂ ಅಪರೂಪ, ಅಂಗಡಿಯಲ್ಲಿಯೂ ಅಪರೂಪ.

ಸಹಚರರ ನಡುವೆಯೇ ಜಗಳವಾದಾಗ ಆಟ ತುಸು ಸುಲಭದ ದಾರಿ ಹಿಡಿದಿದೆ. ಮಿರಾಂಡಾ ಸರ್ಬರಸ್‌ನ ಅಧಿಕಾರಿ. ಜ್ಯಾಕ್ ಎಂಬಾಕೆ ಬಾಲ್ಯದಲ್ಲಿ ಅದೇ ಸರ್ಬರಸ್‌ನ ಪ್ರಯೋಗಗಳಿಗೆ ಬಲಿಯಾದವಳು. ಇಬ್ಬರೂ ಮುಖಾಮುಖಿ ನಿಂತಾಗ ಒಬ್ಬರ ಪಕ್ಷ ವಹಿಸಿದರೆ ಇನ್ನೊಬ್ಬರ ನಿಷ್ಠೆ ನಷ್ಟ. ಆದರೆ ದಳಪತಿಯ ಸನ್ನಡತೆಯ ಅಥವಾ ಗಡಸುತನದ ಅಂಕಗಳು ಹೆಚ್ಚಾಗಿದ್ದರೆ ನಾಲ್ಕು ಮಾತಿನಲ್ಲಿ ಇಬ್ಬರೂ ಸುಮ್ಮನಾಗುತ್ತಾರೆ. ಪಾಲುದಾರರ ಜಗಳ ಬಿಡಿಸಲು ಕುಳಿತು ಮಧ್ಯರಾತ್ರಿ ಕಳೆದವರು ಇದನ್ನು ನೋಡಿ ನಕ್ಕಾರು.

ಕೆಲಸ ಹಂಚಿಕೆ

ಕೊನೆಯ ಕಾಳಗದಲ್ಲಿ ಆಟವು ಮತ್ತೆ ಗಟ್ಟಿಯಾದ ನೆಲಕ್ಕೆ ಬರುತ್ತದೆ. ನಿಷ್ಠೆಯೊಂದೇ ಅಲ್ಲಿ ಸಾಲದು. ಯಾರಿಗೆ ಯಾವ ಕೆಲಸವೆಂಬ ವಿವೇಚನೆ ಬೇಕು. ಗಾಳಿಕೊಳವೆಯೊಳಗೆ ತೆವಳಿ ಬಾಗಿಲು ತೆರೆಯಲು ಯಂತ್ರತಜ್ಞರು ಬೇಕಾದಾಗ ಜೇಕಬ್ ತಾನಾಗಿಯೇ ಮುಂದೆ ಬರುತ್ತಾನೆ. ಪ್ರಾಮಾಣಿಕ, ಧೈರ್ಯಶಾಲಿ, ಆದರೆ ಅದು ಅವನ ವಿದ್ಯೆಯಲ್ಲ. ಅವನನ್ನು ಕಳುಹಿಸಿದರೆ ಅವನು ಸಾಯುತ್ತಾನೆ. ಮುಂದೆ ಮನೋಬಲದಿಂದ ರಕ್ಷಾಕವಚ ನಿರ್ಮಿಸಬೇಕಾದಾಗ ಮಿರಾಂಡಾ ತನ್ನಿಂದ ಆದೀತೆನ್ನುತ್ತಾಳೆ. ಆ ಮಾತನ್ನು ನಂಬಿದರೆ ದಳದ ಮತ್ತೊಬ್ಬರ ಪ್ರಾಣ ಹೋಗುತ್ತದೆ. ಇತ್ತ ಕೆಲಸ ಬಲ್ಲ ತಾಲಿಯನ್ನೇ ಕೊಳವೆಗೆ ಕಳುಹಿಸಿದರೂ, ಅವಳ ನಿಷ್ಠೆ ಮೊದಲೇ ಕಳೆದುಹೋಗಿದ್ದರೆ ಅವಳು ಬದುಕುವುದಿಲ್ಲ. ಸ್ವಇಚ್ಛೆಯಿಂದ ಮುಂದೆ ಬಂದವನನ್ನು ನಿರಾಕರಿಸುವುದು ಕಷ್ಟದ ಕೆಲಸ. ಅನೇಕ ಸಂಸ್ಥೆಗಳಲ್ಲಿ ಉಗ್ರಾಣದ ಕೀಲಿಕೈ ತಪ್ಪು ಕೈ ಸೇರುವುದು ದಾಕ್ಷಿಣ್ಯದಿಂದಲೇ ಹೊರತು ದುರುದ್ದೇಶದಿಂದಲ್ಲ.

ಕಾಳಗಕ್ಕೆ ಮುಂಚಿನ ಇನ್ನೊಂದು ಲೆಕ್ಕವೂ ಇದೆ. ಜೇಕಬ್ ಹೊರಕವಚ ಬಲಪಡಿಸಲು, ತಾಲಿ ರಕ್ಷಾವಲಯ ಉತ್ತಮಪಡಿಸಲು, ಗ್ಯಾರಸ್ ಹೊಸ ಫಿರಂಗಿ ಹೂಡಲು ಸಲಹೆ ಕೊಡುತ್ತಾರೆ. ಇವಕ್ಕೆಲ್ಲ ಗ್ರಹಗಳಿಂದ ಖನಿಜ ಅಗೆದು ವ್ಯಯಿಸಬೇಕು. ಖರ್ಚೆಂದು ತಳ್ಳಿಹಾಕಿದರೆ, ಶತ್ರುವಿನ ನೆಲದಲ್ಲಿ ಕಾಲಿಡುವ ಮೊದಲೇ ದಾರಿಯಲ್ಲಿ ಸಹಚರರು ಸಾಯತೊಡಗುತ್ತಾರೆ.

ಎಲ್ಲ ಮುಗಿದು ನೆಲೆ ಸ್ಫೋಟಗೊಳ್ಳುವ ಮುನ್ನ ಷೆಪರ್ಡ್ ಓಡಿಬಂದು ನೌಕೆಯ ಬಾಗಿಲಿನತ್ತ ಜಿಗಿಯುತ್ತಾರೆ. ದಳದಲ್ಲಿ ಕನಿಷ್ಠ ಇಬ್ಬರಾದರೂ ಉಳಿದಿದ್ದರೆ ಅವರು ಪಾರಾಗಿ ನೌಕೆಯೊಳಗೆ ಸೇರುತ್ತಾರೆ. ಅಷ್ಟು ಮಂದಿಯೂ ಉಳಿದಿರದಿದ್ದರೆ ಅವರು ಕೆಳಗೆ ಬಿದ್ದು ಸಾಯುತ್ತಾರೆ, ಮತ್ತು ಆ ಆಟವನ್ನು 2012ರಲ್ಲಿ ಬಂದ ಮೂರನೆಯ ಭಾಗಕ್ಕೆ ಮುಂದುವರಿಸಿಕೊಂಡು ಹೋಗಲಾಗುವುದಿಲ್ಲ.