ಫುಟ್‌ಬಾಲ್ ಆಡುವ ಮಕ್ಕಳು: ವಯಸ್ಸು ಒಂದೇ, ಬೆಳವಣಿಗೆ ಬೇರೆ

13 ವರ್ಷದೊಳಗಿನವರ ಯಾವುದೇ ಫುಟ್‌ಬಾಲ್ ತಂಡವನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ದನಿ ಒಡೆದಿರುತ್ತದೆ. ಪಕ್ಕದಲ್ಲಿ ನಿಂತವನು ಅವನ ಭುಜಕ್ಕೂ ಬಾರದ ಪುಟ್ಟ ಹುಡುಗ. ಶಾಲೆಯ ದಾಖಲೆಯಲ್ಲಿ ಇಬ್ಬರೂ ಓರಗೆಯವರೇ. ಆದರೆ ಕೈಯ ಎಕ್ಸ್-ರೇ ತೆಗೆದು ಮೂಳೆಗಳ ವಯಸ್ಸನ್ನು ಅಳೆದರೆ, ಇಬ್ಬರ ನಡುವೆ ಮೂರು-ನಾಲ್ಕು ವರ್ಷಗಳ ಅಂತರ ಕಂಡುಬಂದರೂ ಆಶ್ಚರ್ಯವಿಲ್ಲ. ಇಬ್ಬರಿಗೂ ಒಂದೇ ಬಗೆಯ ತರಬೇತಿ ಕೊಡುತ್ತೇವೆ. ನೋವು ಬಂದಾಗ 'ಸೋಮಾರಿತನ' ಎನ್ನುತ್ತೇವೆ. ಆಡುವ ಮಕ್ಕಳ ನೋವು ಅರ್ಥವಾಗಬೇಕಾದರೆ ವಯಸ್ಸಿನ ಜೊತೆಗೆ ಬೆಳವಣಿಗೆಯ ಹಂತವನ್ನೂ ನೋಡಬೇಕು.

ಮೂಳೆ ಮುಂದೆ, ಸ್ನಾಯು ಹಿಂದೆ

ಹುಡುಗಿಯರು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ಒಂದು ವರ್ಷದಲ್ಲಿ ಹುಡುಗಿ ಸುಮಾರು 8 ಸೆಂ.ಮೀ., ಹುಡುಗ 9-10 ಸೆಂ.ಮೀ. ಬೆಳೆಯಬಹುದು. ಮೊದಲು ಪಾದ, ನಂತರ ಕಾಲು, ಕೊನೆಗೆ ಮುಂಡ ಬೆಳೆಯುತ್ತದೆ. ಹೊಸ ಬೂಟು ಆರೇ ತಿಂಗಳಲ್ಲಿ ಚಿಕ್ಕದಾಯಿತೆಂದರೆ ಆ ಹಂತ ಹತ್ತಿರ ಬಂದಿದೆ ಎಂದು ತಿಳಿಯಿರಿ.

ಮೂಳೆ ಉದ್ದವಾಗುವುದು ಅದರ ತುದಿಯ ಬಳಿ ಇರುವ ಮೃದ್ವಸ್ಥಿಯ ತೆಳು ಪದರದಿಂದ. ಇದಕ್ಕೆ 'ಬೆಳವಣಿಗೆಯ ತಟ್ಟೆ' ಎನ್ನುತ್ತಾರೆ. ಬೆಳವಣಿಗೆ ಮುಗಿದ ಮೇಲೆ ಇದು ಗಟ್ಟಿ ಮೂಳೆಯಾಗುತ್ತದೆ; ಅಲ್ಲಿಯವರೆಗೆ ಇದೇ ಮೂಳೆಯ ದುರ್ಬಲ ಜಾಗ. ದೊಡ್ಡವರ ಕಾಲು ಹೊರಳಿದರೆ ಕೀಲನ್ನು ಬಿಗಿದಿಟ್ಟ ತಂತುಗಳು ಹರಿಯುತ್ತವೆ. ಅದೇ ಪೆಟ್ಟಿಗೆ ಮಗುವಿನ ತಂತು ಉಳಿದು, ತಟ್ಟೆ ಬಿರುಕು ಬಿಡಬಹುದು. ಇನ್ನು ಸ್ನಾಯುಗಳು ಮೂಳೆ ಬೆಳೆದಷ್ಟು ಬೇಗ ಉದ್ದವಾಗುವುದಿಲ್ಲ. ಅವು ಬಿಗಿಯಾಗಿ, ಪ್ರತಿ ಒದೆತಕ್ಕೂ ಮೂಳೆಗೆ ಅಂಟಿಕೊಂಡ ಜಾಗವನ್ನು ಜಗ್ಗುತ್ತವೆ.

ನೋವು ಎಲ್ಲಿ?

ಪಾದ ಮೊದಲು ಬೆಳೆಯುವುದರಿಂದ ನೋವೂ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲು ಹಿಮ್ಮಡಿ, ಆಮೇಲೆ ಮಂಡಿ, ಬೆಳವಣಿಗೆಯ ಕೊನೆಯ ಘಟ್ಟದಲ್ಲಿ ಸೊಂಟ ಮತ್ತು ತೊಡೆಸಂದು. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ, ಮುಟ್ಟಿದರೆ ನೋಯುವ ತೊಂದರೆಗೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. 1903ರಲ್ಲಿ ಇಬ್ಬರು ವೈದ್ಯರು ಪ್ರತ್ಯೇಕವಾಗಿ ಇದನ್ನು ವಿವರಿಸಿದರು. ಬೆಳವಣಿಗೆ ಮುಗಿದಂತೆ ಇದು ಬಹುತೇಕ ಮಕ್ಕಳಲ್ಲಿ ತಾನಾಗಿ ಶಮನವಾಗುತ್ತದೆ. ಆದರೆ ನೋವು ನುಂಗಿಕೊಂಡು ಆಡಿಸಿದರೆ ತಿಂಗಳುಗಟ್ಟಲೆ ಕಾಡುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಹದಿಹರೆಯದ ಮಗು ಕುಂಟುತ್ತಾ 'ಮಂಡಿ ನೋವು' ಎಂದರೂ ತೊಂದರೆ ಸೊಂಟದ ಕೀಲಿನಲ್ಲಿರಬಹುದು. ಅಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ತಟ್ಟೆಯಿಂದ ಜಾರಿರುವ ಸಾಧ್ಯತೆ ಇರುತ್ತದೆ. ಇದಕ್ಕೆ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕಾಲೂರಲು ಆಗದಿರುವುದು, ಕೀಲು ಊದಿಕೊಳ್ಳುವುದು, ರಾತ್ರಿ ನಿದ್ದೆಗೆಡಿಸುವ ನೋವು, ನೋವಿನೊಡನೆ ಜ್ವರ ಇವುಗಳಲ್ಲಿ ಯಾವುದಿದ್ದರೂ ಮೂಳೆತಜ್ಞರಿಗೆ ತೋರಿಸಿ. ಅದಕ್ಕೆ ಮುನ್ನ ಎಣ್ಣೆ ಹಚ್ಚಿ ನೀವಿಸುವುದು, ಉಳುಕು ತೆಗೆಸುವುದು ಬೇಡ. ತಟ್ಟೆಗೆ ಆದ ಪೆಟ್ಟು ಸರಿಯಾಗಿ ಕೂಡದಿದ್ದರೆ ಕಾಲು ಗಿಡ್ಡವಾಗಬಹುದು ಅಥವಾ ಓರೆಯಾಗಬಹುದು.

ತಂದೆತಾಯಿ ಏನು ಮಾಡಬೇಕು?

* ಮೂರು ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ಒರಗಿಸಿ ಎತ್ತರ ಗುರುತು ಮಾಡಿ, ತಾರೀಖು ಬರೆಯಿರಿ. ಆ ಅವಧಿಯಲ್ಲಿ 2 ಸೆಂ.ಮೀ.ಗಿಂತ ಹೆಚ್ಚು ಬೆಳೆದಿದ್ದರೆ ತರಬೇತುದಾರರಿಗೆ ತಿಳಿಸಿ. ಆಟ ನಿಲ್ಲಿಸಬೇಕಿಲ್ಲ, ಜಿಗಿತ, ವೇಗದ ಓಟ, ಒಂದೇ ಸಮನೆ ಒದೆಯುವ ಅಭ್ಯಾಸ ಕಡಿಮೆಯಾದರೆ ಸಾಕು.

* ಶಾಲೆ, ಕ್ಲಬ್, ಶಿಬಿರ ಎಲ್ಲ ಸೇರಿಸಿ ಲೆಕ್ಕ ಹಾಕಿ. ವಾರದ ತರಬೇತಿ ಮತ್ತು ಪಂದ್ಯದ ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ. ವಾರದಲ್ಲಿ ಒಂದೆರಡು ದಿನ ಪೂರ್ಣ ವಿಶ್ರಾಂತಿ ಇರಲಿ.

* ಆಟಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವುದು ಕಡ್ಡಾಯ. ಫಿಫಾ ಸಂಸ್ಥೆಯ '11+' ಎಂಬ 20 ನಿಮಿಷದ ವ್ಯಾಯಾಮಗಳನ್ನು ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರಿಗೆ ಕಲಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೂ ಇಂಥದ್ದೇ ಬೇರೊಂದು ಕ್ರಮವಿದೆ.

* ಕಾಲು ಏಕಾಏಕಿ ಉದ್ದವಾದಾಗ ಚುರುಕಾಗಿದ್ದ ಹುಡುಗನೂ ಎಡವುತ್ತಾನೆ, ಚೆಂಡು ತಪ್ಪಿಸುತ್ತಾನೆ. ಬೈಯಬೇಡಿ. ಕೆಲವು ತಿಂಗಳಲ್ಲಿ ಮೈ ಹೊಸ ಅಳತೆಗೆ ಒಗ್ಗಿಕೊಳ್ಳುತ್ತದೆ.

ಚಿಕ್ಕ ಮೈಯವರು

ತಡವಾಗಿ ಬೆಳೆಯುವ ಹುಡುಗ ದೊಡ್ಡ ಮೈಯವರ ಜೊತೆ ಡಿಕ್ಕಿಯಾದಾಗ ಪೆಟ್ಟು ತಿನ್ನುವುದಲ್ಲದೆ, ತಂಡದ ಆಯ್ಕೆಯಲ್ಲೂ ಹಿಂದೆ ಬೀಳುತ್ತಾನೆ. ಇಂಗ್ಲೆಂಡಿನ ಅಕಾಡೆಮಿಗಳು ಸುಮಾರು ಹತ್ತು ವರ್ಷಗಳಿಂದ ಕೆಲವು ಪಂದ್ಯಗಳಲ್ಲಿ ಮಕ್ಕಳನ್ನು ವಯಸ್ಸಿನ ಬದಲು ಬೆಳವಣಿಗೆಯ ಹಂತದ ಪ್ರಕಾರ ಗುಂಪು ಮಾಡಿ ಆಡಿಸುತ್ತಿವೆ. ನಮ್ಮ ಶಾಲಾ ಮೈದಾನದಲ್ಲೂ ಅಭ್ಯಾಸದ ವೇಳೆ ಹೀಗೆ ಜೋಡಿ ಮಾಡುವುದು ಕಷ್ಟವೇನಲ್ಲ. ಬೇಗ ಬೆಳೆದವನನ್ನು ಉಳಿದವರು ಕೆಲವು ವರ್ಷಗಳಲ್ಲಿ ಸರಿಗಟ್ಟುತ್ತಾರೆ. ಅಷ್ಟರೊಳಗೆ ಮಂಡಿ ಕೆಡಿಸಿಕೊಳ್ಳದೆ, ಮನಸ್ಸು ಮುರಿಯದೆ ಅವರು ಆಟದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ದೊಡ್ಡವರ ಹೊಣೆ.